ಬೋಕಿ ಇಲ್ಲದ ಮರಳು

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದೊಡನೆ ಜಪ, ತಪ, ಜಿಂಕೆಮರಿ ಎಂದುಕೊಳ್ಳಬೇಡಿ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಹರಿಗೋಲು ಹಾಕಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುವುದು. ಜನ ಹೊಳೆ ದಾಟುವ ಆ ಜಾಗಕ್ಕೆ ಕಡವು ಎನ್ನುತ್ತಿದ್ದರು.

ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಹೆಸರು ಯಾರಿಗೂ ನೆನಪಿರಲಿಲ್ಲ. ಅವರಿಗಾದರೂ ನೆನಪಿತ್ತೋ ಇಲ್ಲವೋ.

ಅಜ್ಜಾರು ಹಾಕಿಕೊಟ್ಟ ಪದ್ಧತಿ ಒಂದಿತ್ತು. ಸಂಜೆ ಹರಿಗೋಲುಗಳನ್ನು ದಂಡೆಯ ಮೇಲೆ ಕವುಚಿ ಹಾಕಿದ ಮೇಲೆ ಶಿಷ್ಯರೆಲ್ಲ ಸೇರಿ ಮರಳಿನ ಮೇಲೆ ಕೋಲಿನಿಂದ ಹೊಳೆ ಬರೆಯಬೇಕು. ಈ ದಡ, ಆ ದಡ, ನಡುವಿನ ನಡುಗಡ್ಡೆ, ಬಂಡೆ, ಮಡು, ಎಲ್ಲ.

ಬರೆದಾದ ಮೇಲೆ, ಆ ದಿನ ಯಾರ ಹರಿಗೋಲು ಎಲ್ಲಿ ಕಲ್ಲಿಗೆ ತಾಗಿತೋ, ಎಲ್ಲಿ ಸುಳಿಗೆ ಸಿಕ್ಕಿತೋ, ಅವರು ಅಲ್ಲಿ ಒಂದು ಬೋಕಿ ಇಡಬೇಕು. ಬೋಕಿ ಎಂದರೆ ಒಡೆದ ಗಡಿಗೆಯ ಚೂರು. ಇಟ್ಟು, "ಇಲ್ಲಿ ಕೆಟ್ಟೆ" ಎನ್ನಬೇಕು. ಅಷ್ಟೇ. ಬೈಗುಳವಿಲ್ಲ, ನಗೆಯಿಲ್ಲ.

ಬೆಳಗ್ಗೆ ನೀರಿಗೆ ಬಂದ ಎಮ್ಮೆಗಳು ಎಲ್ಲವನ್ನೂ ತುಳಿದು ಅಳಿಸುತ್ತಿದ್ದವು. ಸಂಜೆ ಮತ್ತೆ ಬರೆಯುತ್ತಿದ್ದರು. ಯಾಕೆಂದರೆ ನಿಜದ ಹೊಳೆ ಹೇಳಿದ ಮಾತು ಕೇಳುವುದಿಲ್ಲ. ನಿನ್ನೆ ಮರಳಿದ್ದ ಕಡೆ ಇವತ್ತು ಕಲ್ಲು ತಲೆ ಎತ್ತಿರುತ್ತದೆ.

ಅಜ್ಜಾರಿಗೆ ವಯಸ್ಸಾಯಿತು. ಕಣ್ಣು ಮಂಜಾಯಿತು. ಒಂದು ದಿನ ಹರಿಗೋಲು ನಡೆಸುವ ತಮ್ಮ ಹುಟ್ಟನ್ನು ಹಿರಿಯ ಶಿಷ್ಯ ಜಡೆಪ್ಪನ ಕೈಗೆ ಕೊಟ್ಟರು.

"ಇನ್ನ ಮ್ಯಾಲ ಈ ಕಡವಿನ ಹಿರೇತನ ನಿಂದು," ಎಂದರು.

ಜಡೆಪ್ಪನ ಅಕ್ಕ ದ್ಯಾವಮ್ಮನನ್ನು ಕೊಟ್ಟದ್ದು ನಡುಗಡ್ಡೆಗೆ. ಅಲ್ಲಿ ಎಮ್ಮೆ ಸಾಕುವವರ ಹತ್ತಾರು ಗುಡಿಸಲು. ಹೊಳೆ ಏರಿದರೆ ಆ ಜನಕ್ಕೆ ಈ ಕಡವೇ ಗತಿ. ಹಿರೇತನ ಬಂದ ದಿನವೇ ಜಡೆಪ್ಪ ಅಲ್ಲಿಗೆ ಹೋಗಿ ಮಾತು ಕೊಟ್ಟು ಬಂದ.

"ನೀರು ಬಂದ್ರ ನಿಮ್ಮನ್ನೆಲ್ಲ ದಾಟಸೋದು ನನ್ನ ಹೊಣಿ, ಅಕ್ಕ."

ಕೊಟ್ಟ ಮಾತಿಗೆ ತಕ್ಕಂತೆ ದುಡಿದ. ಅವನ ನಿಷ್ಠೆಯ ಬಗ್ಗೆ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ದಿನಾ ಬೆಳಗ್ಗೆ ಶಿಷ್ಯರನ್ನು ಸಾಲಾಗಿ ನಿಲ್ಲಿಸಿ ದಾರಿಯ ಪಾಠ ಹೇಳಿಸುತ್ತಿದ್ದ.

"ಹೊಂಗಿಗಿಡ ಬೆನ್ನಿಗೆ! ಬಸವನ ಬಂಡಿ ಬಲಕ್ಕ! ಮೂಗು ನಡುಗಡ್ಡಿ ತುದಿಗೆ!"

ದಂಡೆಯ ಹೊಂಗೆಮರ ಬೆನ್ನಿಗಿರಬೇಕು, ಹೊಳೆಯ ನಡುವಿನ ಬಸವನ ಬಂಡೆ ಬಲಕ್ಕಿರಬೇಕು, ಮುಖ ನಡುಗಡ್ಡೆಯ ತುದಿಗೆ ನೆಟ್ಟಿರಬೇಕು ಎಂದರ್ಥ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಪಾಠ ಬಾಯಿಗೆ ಬಂತು. ಹಿರೇತನ ಬಂದ ಮೇಲೆ ಜಡೆಪ್ಪ ತಾನು ನೀರಿಗಿಳಿದದ್ದು ಮಾತ್ರ ಕಡಿಮೆ. ದಂಡೆಯ ಮೇಲೆ ನಿಂತು ಕೈ ತೋರಿಸುವುದೇ ಕೆಲಸವಾಯಿತು.

ಹೀಗಿರುವಾಗ ಒಂದು ಸಂಜೆ ಆಚೆ ದಡದ ವ್ಯಾಪಾರಿಗಳು ಮರಳಿನ ಮೇಲಿನ ಬೋಕಿಗಳನ್ನು ನೋಡಿ ನಕ್ಕರು.

"ಇದೇನ್ರಪ್ಪ, ಕಡವೋ, ಕುಂಬಾರನ ತಿಪ್ಪಿಯೋ?"

ಜಡೆಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಮರುದಿನ ಹೊಸ ಕಟ್ಟಳೆ ಬಂತು.

"ಬೋಕಿ ಇಟ್ಟವರು ಅಮಾಸಿ ತನಕ ಹುಟ್ಟು ಮುಟ್ಟಂಗಿಲ್ಲ. ಕುಂತು ಚಕ್ಕಳ ಹೊಲೀಬೇಕು."

ಹರಿಗೋಲಿಗೆ ಬಿದಿರಿನ ಬುಟ್ಟಿ, ಅದರ ಮೇಲೆ ಚಕ್ಕಳ, ಅಂದರೆ ತೊಗಲು. ಹರಿದ ಚಕ್ಕಳ ಹೊಲಿಯುವುದು ಹೊಸಬರ ಕೆಲಸ. ಪಳಗಿದವರಿಗೆ ಅದು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದಷ್ಟೇ ಅವಮಾನ.

ಯಂಕೋಬ ಎಂಬ ಶಿಷ್ಯನಿದ್ದ. ಹೊಳೆಯಲ್ಲಿ ಮೀನಿನಷ್ಟು ಚುರುಕು, ಮಾತಿನಲ್ಲಿ ಮಗುವಿನಷ್ಟು ಸರಳ. ಆ ಸಂಜೆ ಎಂದಿನಂತೆ ಬೋಕಿ ಇಟ್ಟು "ಇಲ್ಲಿ ಕೆಟ್ಟೆ" ಎಂದ.

ಅವನ ಕೈಗೆ ಸೂಜಿ ಬಂತು.

ದಾಟಲು ಬಂದವರೆಲ್ಲ ಅವನನ್ನು ನೋಡಿ, "ಏನೋ ಯಂಕೋಬ, ದರ್ಜಿ ಆದೇನು?" ಎಂದು ಕೇಳಿ ಹೋದರು. ಅವನು ತಲೆ ಎತ್ತಲಿಲ್ಲ.

ಮತ್ತೆ ಯಾರೂ ಬೋಕಿ ಇಡಲಿಲ್ಲ.

ಮರಳು ಸಾರಿಸಿದ ಅಂಗಳದಂತೆ ಚೊಕ್ಕವಾಯಿತು. ಜಡೆಪ್ಪನಿಗೆ ಹೆಮ್ಮೆ. ಅಜ್ಜಾರನ್ನು ಕೈಹಿಡಿದು ಕರೆತಂದ.

"ನೋಡ್ರಿ ಅಜ್ಜಾರ. ಒಂದು ಬೋಕಿ ಇಲ್ಲ."

ಅಜ್ಜಾರು ಮರಳಿನ ಕಡೆ ಮುಖ ಮಾಡಿದರು. ಅವರಿಗೆ ಎಷ್ಟು ಕಂಡಿತೋ.

"ಚಲೋ ಆತು," ಎಂದರು. "ಮತ್ತ ರಾಳದ ಗಡಿಗಿ ಯಾಕ ತಳ ಕಂಡೈತಿ?"

ರಾಳ ಬೇಕಾಗುವುದು ಚಕ್ಕಳದ ತೇಪೆ ಮೆತ್ತಲು. ತೇಪೆ ಬೇಕಾಗುವುದು ಕಲ್ಲಿಗೆ ತಾಗಿದಾಗ.

ಜಡೆಪ್ಪ ಕವುಚಿ ಹಾಕಿದ ಹರಿಗೋಲುಗಳ ಹತ್ತಿರ ಹೋದ. ಒಂದೊಂದರ ಹೊಟ್ಟೆ ಸವರಿ ನೋಡಿದ. ತೇಪೆ. ಮೇಲೆ ತೇಪೆ. ಕೆಲವು ಇನ್ನೂ ಕೈಗೆ ಅಂಟುತ್ತಿದ್ದವು.

ಅಂದಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಕಡವಿನ ಉದ್ದಕ್ಕೂ ಓಡಾಡುತ್ತ, ಶಿಷ್ಯರ ಮುಖ ಓದಲು ನೋಡುತ್ತಿದ್ದ. ಮುಖಗಳೂ ಮರಳಿನಷ್ಟೇ ಚೊಕ್ಕವಾಗಿದ್ದವು.

ಕೊನೆಗೆ ಎಲ್ಲರನ್ನೂ ಕೂಡಿಸಿದ.

"ಹರಿಗೋಲು ಎಲ್ಲಿ ತಾಗಸೀರಿ?"

ಯಾರೂ ಬಾಯಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಯಾರಾದರೂ ಒಬ್ಬರು ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ, ಅದೂ ಇಲ್ಲ. ಅಷ್ಟು ಪಳಗಿದ್ದರು.

"ಹೇಳದಿದ್ರ ಎಲ್ಲರಿಗೂ ಚಕ್ಕಳ!"

ಹುಲಿಗೆಮ್ಮ ಎಂಬ ಶಿಷ್ಯೆ ಹಿಂದಿನಿಂದ ಕೇಳಿದಳು. ಅವಳ ನಾಲಿಗೆಗೆ ಹುಟ್ಟಿನಷ್ಟೇ ಬಲ.

"ಎಲ್ಲರೂ ಚಕ್ಕಳ ಹೊಲ್ಕೋತ ಕುಂತ್ರ ಹರಿಗೋಲು ಹಾಕೋರು ಯಾರ್ರೀ ಹಿರೇರ?"

ಯಾರೋ ಕಿಸಕ್ಕೆಂದರು. ಜಡೆಪ್ಪ ಕೆಂಡವಾದ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಹೆದರಿಸಿ ಆಗದ್ದನ್ನು ಪುಸಲಾಯಿಸಿ ನೋಡೋಣ ಎಂದುಕೊಂಡ. ಮರುದಿನ ಸಾರಿದ: ಬೋಕಿ ಇಟ್ಟವರಿಗೆ ಚಕ್ಕಳವಿಲ್ಲ, ಒಂದು ಅಚ್ಚು ಬೆಲ್ಲ.

ಆ ಸಂಜೆಯ ಚೆಂದ ಏನು ಹೇಳಲಿ. ಮರಳಿನ ಮೇಲೆ ಕಾಲಿಡಲು ಜಾಗವಿಲ್ಲ. ವರ್ಷಗಟ್ಟಲೆ ಯಾರೂ ಹೋಗದ ಮಡುವಿನಲ್ಲಿ ಬೋಕಿ. ಬಸವನ ಬಂಡೆಯ ನೆತ್ತಿಯ ಮೇಲೆ ಬೋಕಿ. ಒಬ್ಬನಂತೂ ದಂಡೆಯ ಮೇಲೇ ಇಟ್ಟಿದ್ದ.

"ದಂಡಿ ಮ್ಯಾಲ ಹರಿಗೋಲು ಹೆಂಗ ಕೆಡ್ತೈತಲೇ?"

"ತಲಿ ಮ್ಯಾಲ ಹೊತ್ಕೊಂಡು ಬರೋವಾಗ ಎಡವಿದ್ನಿರೀ."

ಬೆಲ್ಲ ಖಾಲಿಯಾಯಿತು, ಸೂಜಿಯ ಕಟ್ಟಳೆ ಮತ್ತೆ ಬಂತು. ಹೊಳೆಯ ಬಗ್ಗೆ ಒಂದಕ್ಷರ ತಿಳಿಯಲಿಲ್ಲ. ತೇಪೆಗಳು ಮತ್ತೂ ಹೆಚ್ಚಾದವು.

ಅಷ್ಟರಲ್ಲಿ ಹೊಳೆ ಕೆಂಪಾಯಿತು.

ಕಡವಿನ ಸುತ್ತ ಒಂದು ಹನಿ ಬಿದ್ದಿರಲಿಲ್ಲ. ಆಕಾಶ ಬೋಳು, ನೆಲದಲ್ಲಿ ಧೂಳು. ಆದರೆ ಪಡುವಣ ಗುಡ್ಡಗಳಲ್ಲಿ ಮಳೆ ಹಿಡಿದಿತ್ತು. ಕೆಂಪು ನೀರು ಬಂದರೆ ಅದರ ಹಿಂದೆಯೇ ಹೊಳೆ ತುಂಬುತ್ತದೆ ಎಂದು ಎಳೆ ಮಗುವಿಗೂ ಗೊತ್ತು. ಇನ್ನೊಂದು ಗೊತ್ತಿರುವ ಸಂಗತಿ, ಕೆಂಪು ನೀರಿನಲ್ಲಿ ಕಲ್ಲು ಕಾಣುವುದಿಲ್ಲ.

ಹಾಲಿನ ಕೊಡ ಹೊತ್ತು ದ್ಯಾವಮ್ಮ ಬಂದಳು. ಕೊಡ ಇಳಿಸುವ ಮೊದಲೇ ಕೇಳಿದಳು.

"ಯಾವಾಗ ದಾಟಸ್ತಿಯಪ್ಪ?"

"ನಾಳೆ ಬೆಳಿಗ್ಗೆ, ಅಕ್ಕ."

"ದಾರಿ ಗೊತ್ತೈತಿ ಹೌದಿಲ್ಲೋ?"

ಜಡೆಪ್ಪನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಯಾಕ ಕೇಳ್ತಿ?"

"ಯಂಕೋಬ ಇವತ್ತ ನನ್ನ ಸುತ್ತು ಹಾಕಿ ಕರ್ಕೊಂಡು ಬಂದ. ಯಾಕಲೇ ಅಂದ್ರ, ಸುಮ್ನ ಕುಂದರವ್ವ ಅಂದ. ನೀರಿನ ಮ್ಯಾಲಿಂದ ಕಣ್ಣು ತಗೀಲಿಲ್ಲ," ಎಂದಳು ಅಕ್ಕ. "ನನ್ನ ಸೊಸಿಗೆ ದಿನ ತುಂಬ್ಯಾವ, ಜಡೆಪ್ಪ. ಅಕಿನ್ನ ಸುಮ್ಮಸುಮ್ಮನ ನೀರಿಗೆ ಇಳಿಸಾಕ ಆಗಂಗಿಲ್ಲ."

ಜಡೆಪ್ಪ ಯಂಕೋಬನನ್ನು ಹುಡುಕಿದ. ಅವನು ಹೊಂಗೆಯ ಕೆಳಗೆ ಹಗ್ಗ ಹೊಸೆಯುತ್ತಿದ್ದ.

"ಸುತ್ತು ಯಾಕ ಹಾಕಿದಿ?"

"ಗಾಳಿ ಇತ್ರೀ," ಎಂದ ಯಂಕೋಬ.

ಎಲೆಯೊಂದೂ ಅಲುಗುತ್ತಿರಲಿಲ್ಲ.

ಜಡೆಪ್ಪ ನೇರ ಅಜ್ಜಾರ ಹತ್ತಿರ ಹೋದ. ಅಜ್ಜಾರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

"ಹೆದರಿಸಿದೆ, ಹೇಳಲಿಲ್ಲ. ಬೆಲ್ಲ ಕೊಟ್ಟೆ, ಸುಳ್ಳು ಹೇಳಿದ್ರು. ಕಲಿಸಿದ್ದು ಕಮ್ಮಿ ಆತೇನು ಅಂದ್ರ, ಎಲ್ಲರಿಗೂ ಪಾಠ ಬಾಯಾಗೈತಿ. ಒಬ್ಬೊಬ್ಬರಿಗೂ ಏನೋ ಗೊತ್ತೈತಿ ಅಜ್ಜಾರ. ಹೊರಗ ಬರವಲ್ದು. ಇನ್ನೇನ ಮಾಡ್ಲಿ?"

ಅಜ್ಜಾರು ಕೈ ಚಾಚಿದರು.

"ನಾ ಕೊಟ್ಟ ಹುಟ್ಟು ತಾ."

"ಯಾಕ್ರೀ?"

"ಮಂದಿ ಹೇಳವಲ್ರು ಅಂದಿ. ಹೊಳೀನ ಕೇಳಿ ಬರ್ತೀನಿ."

ಬೇಡವೆಂದರೆ ಕೇಳುವ ಮನುಷ್ಯರಲ್ಲ. ಹರಿಗೋಲು ನೀರಿಗಿಟ್ಟು ಹತ್ತಿ ಕೂತೇಬಿಟ್ಟರು. ಶಿಷ್ಯರೆಲ್ಲ ದಂಡೆಗೆ ಓಡಿ ಬಂದರು.

ಅಜ್ಜಾರು ಹುಟ್ಟು ಹಾಕುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ದಿನಾ ಬೆಳಗ್ಗೆ ಕಿವಿಗೆ ಬೀಳುತ್ತಿದ್ದ ಪಾಠವನ್ನೇ.

"ಹೊಂಗಿಗಿಡ ಬೆನ್ನಿಗೆ. ಬಸವನ ಬಂಡಿ ಬಲಕ್ಕ..."

ದಂಡೆಯ ಮೇಲೆ ಯಂಕೋಬನ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದ. ಜಡೆಪ್ಪನ ಕಡೆ ನೋಡಿದ. ಬಾಯಿ ಮುಚ್ಚಿದ.

"ಮೂಗು ನಡುಗಡ್ಡಿ..."

ಬಿದಿರು ಲಟಲಟ ಮುರಿದ ಸದ್ದು ದಂಡೆಗೆ ಕೇಳಿತು. ಹರಿಗೋಲು ಒಂದು ಸುತ್ತು ತಿರುಗಿ ಮಗುಚಿತು. ಕೆಂಪು ನೀರಿನಲ್ಲಿ ಬಿಳಿಯ ತಲೆ ಒಮ್ಮೆ ಕಂಡಿತು. ಆಮೇಲೆ ಕಾಣಲಿಲ್ಲ.

ಯಂಕೋಬ, ಹುಲಿಗೆಮ್ಮ ಒಟ್ಟಿಗೇ ಹಾರಿದರು. ಜಡೆಪ್ಪ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಚಿಕ್ಕ ಮಗುವಿನ ಹಾಗೆ "ಅಜ್ಜಾರ, ಅಜ್ಜಾರ" ಎಂದು ಕೂಗುತ್ತಿದ್ದ.

ಎಳೆದು ತಂದು ಮರಳಿನ ಮೇಲೆ ಹಾಕಿ ಹೊಟ್ಟೆ ಒತ್ತಿದರು. ಕುಡಿದ ನೀರೆಲ್ಲ ಹೊರಬಿದ್ದ ಮೇಲೆ ಅಜ್ಜಾರು ಕಣ್ಣು ಬಿಟ್ಟರು. ಮುರಿದ ಹರಿಗೋಲು ತೇಲಿ ಹೋಗಿತ್ತು. ಹುಟ್ಟು ಮಾತ್ರ ಅವರ ಮುಷ್ಟಿಯಲ್ಲೇ ಇತ್ತು.

"ಸಂಜಿ ಆತೇನು?" ಎಂದು ಕೇಳಿದರು.

"ಆಗಾಕ ಬಂತ್ರೀ."

"ಮರಳು ಬರೀರಿ."

ಬರೆದರು. ಅಜ್ಜಾರು ಹುಲಿಗೆಮ್ಮನ ಹೆಗಲು ಹಿಡಿದು ಎದ್ದು ಬಂದು, ಬಗ್ಗಿ, ಒಂದು ಬೋಕಿ ಇಟ್ಟರು.

"ಇಲ್ಲಿ ಕೆಟ್ಟೆ," ಎಂದರು.

ಆಮೇಲೆ ಜಡೆಪ್ಪನ ಮುಂದೆ ಬಂದು ನಿಂತು ಹುಟ್ಟು ಚಾಚಿದರು.

"ತಗೋ. ಅಮಾಸಿ ಎಂದೈತಿ? ಸೂಜಿ ಎಲ್ಲಿ?"

ಜಡೆಪ್ಪ ಕುಗ್ಗಿಹೋದ.

"ನಿಮಗ ಯಾತರ ಕಟ್ಟಳಿ ಅಜ್ಜಾರ?"

"ಹಂಗಾರ ಆ ಕಟ್ಟಳಿ ಯಾರಿಗೆ ಮಾಡಿದ್ದಿ?"

ಜಡೆಪ್ಪ ಹುಟ್ಟು ತೆಗೆದುಕೊಳ್ಳಲಿಲ್ಲ. ಅಜ್ಜಾರು ಅದನ್ನು ಅವನ ಕಾಲ ಬಳಿ ಇಟ್ಟು, ಚಕ್ಕಳದ ರಾಶಿಯ ಹತ್ತಿರ ಹೋಗಿ ಕೂತರು. ಸೂಜಿ ತಡಕಿ ತೆಗೆದರು. ದಾರ ಪೋಣಿಸಲು ಕಣ್ಣು ಕಾಣದು.

"ಯಂಕೋಬ, ಇಷ್ಟು ಪೋಣಿಸಿ ಕೊಡಪ್ಪ. ನಿನಗ ರೂಢಿ ಐತಿ."

ಯಂಕೋಬ ಸೂಜಿ ಹಿಡಿದ. ದಾರ ಕಣ್ಣಿಗೆ ಹೋಗಲೊಲ್ಲದು. ಅವನು ಅಳುತ್ತಿದ್ದ. ಅತ್ತರೂ ಬಾಯಿ ಬಿಡಲಿಲ್ಲ, ನೋಡಿ. ಹೆದರಿಕೆ ಎಂಬುದು ಅಷ್ಟು ಆಳಕ್ಕೆ ಬೇರು ಬಿಟ್ಟಿತ್ತು.

ಜಡೆಪ್ಪ ಅಜ್ಜಾರ ಬೋಕಿಯನ್ನು ನೋಡಿದ. ತನ್ನ ಪಾಠದ ಗೆರೆಯನ್ನು ಮರಳಿನ ಮೇಲೆ ಕಣ್ಣಲ್ಲೇ ಎಳೆದ.

ಹೊಂಗೆ ಬೆನ್ನಿಗೆ. ಬಸವನ ಬಂಡೆ ಬಲಕ್ಕೆ. ಮೂಗು ನಡುಗಡ್ಡೆಯ ತುದಿಗೆ. ಬೋಕಿ ಕೂತಿದ್ದದ್ದು ಆ ಗೆರೆಯ ಮೇಲೆಯೇ. ಅತ್ತ ಇತ್ತ ಗೇಣೂ ಸರಿದಿರಲಿಲ್ಲ. ಅವನು ದಿನಾ ಬೆಳಗ್ಗೆ ಕೂಗಿ ಕೂಗಿ ಹೇಳಿಸುತ್ತಿದ್ದ ದಾರಿ ನೇರ ಹೋಗಿ ಕಲ್ಲಿಗೆ ಹೊಡೆಯುತ್ತಿತ್ತು.

ತಲೆ ಎತ್ತಿ ಶಿಷ್ಯರನ್ನು ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆಗ ತಿಳಿಯಿತು. ಎಲ್ಲರಿಗೂ ಗೊತ್ತಿತ್ತು. ಬೋಕಿ ಇಟ್ಟರೆ ಸೂಜಿ ಬರುವುದು ಒಂದು ಹೆದರಿಕೆಯಾದರೆ, ಹಿರಿಯನ ಪಾಠವೇ ತಪ್ಪು ಎಂದು ಹಿರಿಯನ ಮುಂದೆ ಹೇಳುವುದು ಅದಕ್ಕಿಂತ ದೊಡ್ಡ ಹೆದರಿಕೆ.

ಅವನಿಗೆ ನಾಚಿಕೆಯಾಯಿತು. ವ್ಯಾಪಾರಿಗಳು ನಕ್ಕಾಗ ಆಗಿದ್ದ ನಾಚಿಕೆಯಲ್ಲ ಅದು.

ಬಗ್ಗಿ ಒಂದು ಬೋಕಿ ಆಯ್ದುಕೊಂಡ. ಅಜ್ಜಾರ ಬೋಕಿಯ ಪಕ್ಕದಲ್ಲೇ ಇಟ್ಟ.

"ಇಲ್ಲಿ ನಾ ಕೆಟ್ಟೆ," ಎಂದ. "ನಾ ಕಲಿಸಿದ ದಾರೀನ ತಪ್ಪು. ಅಜ್ಜಾರು ಅದನ್ನ ನಂಬಿ ಹೋದ್ರು."

ಶಿಷ್ಯರ ಕಡೆ ತಿರುಗಿದ.

"ನಾಳೆ ನಮ್ಮಕ್ಕನ ಸೊಸಿ ಬರ್ತಾಳ. ಕೂಸುಗಳು ಬರ್ತಾವ. ಯಾವ ದಾರಿಯಿಂದ ಕರ್ಕೊಂಡು ಬರಬೇಕು, ನನಗ ಗೊತ್ತಿಲ್ಲ. ಹೇಳ್ರಪ್ಪ ಅಂತ ಕೇಳಾಕೂ ನನಗ ಮುಖ ಇಲ್ಲ."

ಹೋಗಿ ಅಜ್ಜಾರ ಪಕ್ಕ ಕೂತ. ಇನ್ನೊಂದು ಸೂಜಿ ತೆಗೆದುಕೊಂಡ. ಅಜ್ಜಾರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಹೊಳೆಯ ಸದ್ದು ಏರುತ್ತಿತ್ತು. ಬಸವನ ಬಂಡೆಯ ಅರ್ಧ ಆಗಲೇ ಮುಳುಗಿತ್ತು.

ಯಂಕೋಬ ಕಣ್ಣೊರೆಸಿಕೊಂಡ. ಕೈಯಲ್ಲಿದ್ದ ಸೂಜಿ ಮರಳಿಗೆ ಚುಚ್ಚಿ ಎದ್ದ. ಬೋಕಿ ತಂದು ಅಜ್ಜಾರ ಬೋಕಿಯ ಮೇಲೆಯೇ ಇಟ್ಟ.

"ಇಲ್ಲಿ ಕೆಟ್ಟೆ," ಎಂದ. "ಎಳ್ಳಮಾಸಿ ಆದ ಮ್ಯಾಲ ಈ ಕಲ್ಲು ಎದ್ದೈತ್ರೀ. ಇದರ ಎಡಕ್ಕ ಒಂದು ಹರಿಗೋಲು ಹೋಗುವಷ್ಟು ಸಂದಿ ಐತಿ."

"ಆ ಸಂದಿ ದಾಟಿದ ಮ್ಯಾಲ ನೀರು ಎಳೀತೈತಿ," ಎಂದಳು ಹುಲಿಗೆಮ್ಮ. ತನ್ನ ಬೋಕಿಯನ್ನು ಠಪ್ಪನೆ ಇಟ್ಟಳು. "ಇಲ್ಲಿ ಕೆಟ್ಟೆ. ಹಾಲೆಲ್ಲ ಹೊಳಿಗೆ ಹಾಕಿ, ಎಮ್ಮಿ ಒದೀತು ಅಂತ ಸುಳ್ಳು ಹೇಳೀನಿ."

ಇನ್ನೊಬ್ಬ ಬಂದ. "ನಡುಗಡ್ಡಿ ತುದಿಯಾಗ ಈಗ ಬರೇ ಕೆಸರ್ರೀ. ಅಲ್ಲಿ ಇಳದ್ರ ಮೊಣಕಾಲ ತನಕ ಹೂತು ಹೋಗ್ತಾರ. ಹಿಂದಿನ ಕಡಿಯಿಂದ ಹತ್ತಿಸಬೇಕು."

ದಂಡೆಯ ಮೇಲೆ ಎಡವಿದ್ದವನೂ ಬಂದ. ನಾಚಿಕೊಂಡು ಒಂದು ಬೋಕಿ ಇಟ್ಟ. "ಇದು ಖರೇ ಐತ್ರೀ. ಬೆಲ್ಲ ಬ್ಯಾಡ."

ಹುಲಿಗೆಮ್ಮ ನಕ್ಕಳು. ಅವಳ ಹಿಂದೆ ಉಳಿದವರೂ ನಕ್ಕರು. ಎಷ್ಟೋ ದಿನದ ಮೇಲೆ ಆ ಕಡವಿನಲ್ಲಿ ನಗು ಕೇಳಿತು.

ಮರಳು ತುಂಬಿತು. ಕುಂಬಾರನ ತಿಪ್ಪೆಯೇ ಸರಿ. ಬೋಕಿಗಳ ನಡುವೆ, ಹಾವು ಹರಿದ ಗುರುತಿನಂತೆ ಅಂಕುಡೊಂಕಾಗಿ, ಬೋಕಿ ಇಲ್ಲದ ಒಂದು ಓಣಿ ಮಾತ್ರ ಉಳಿಯಿತು. ಅದು ಯಾರೊಬ್ಬರಿಗೂ ಪೂರ್ತಿ ಗೊತ್ತಿದ್ದ ದಾರಿಯಲ್ಲ.

ಯಂಕೋಬ ಅದರ ಮೇಲೆ ಬೆರಳು ಆಡಿಸಿದ.

"ನಾ ಮುಂದ ಹೋಗ್ತೀನ್ರೀ," ಎಂದ.

ಹುಲಿಗೆಮ್ಮ ಜಡೆಪ್ಪನ ಕೈಯಿಂದ ಸೂಜಿ ಕಿತ್ತುಕೊಂಡಳು.

"ಏಳ್ರಿ ಹಿರೇರ. ಚಕ್ಕಳ ಎಲ್ಲಿಗೂ ಓಡಿ ಹೋಗಂಗಿಲ್ಲ. ಹುಟ್ಟು ತಗೋರಿ."

ಬೆಳಕು ಹರಿಯುವ ಹೊತ್ತಿಗೆ ಹರಿಗೋಲುಗಳು ನೀರಿನಲ್ಲಿದ್ದವು. ಮುಂದೆ ಯಂಕೋಬ, ಹಿಂದೆ ಉಳಿದವರು, ಎಲ್ಲರಿಗಿಂತ ಹಿಂದೆ ಜಡೆಪ್ಪ. ಅಂದು ಯಾರೂ ಪಾಠ ಹೇಳಲಿಲ್ಲ. ತಾನು ಕೆಟ್ಟ ಜಾಗ ಬಂದಾಗ ಅವರವರು ಕೂಗುತ್ತಿದ್ದರು.

"ಇಲ್ಲಿ ಕಲ್ಲು! ಎಡಕ್ಕ!"

"ಇಲ್ಲಿ ಎಳೀತೈತಿ! ಹುಟ್ಟು ಬಿಗಿ ಹಿಡೀರಿ!"

ಕೂಸುಗಳು ದಾಟಿದವು. ಮುದುಕರು ದಾಟಿದರು. ಎಳೆಗರುಗಳು ಕಾಲು ಕಟ್ಟಿಸಿಕೊಂಡು, ಒದರಿಕೊಳ್ಳುತ್ತ ದಾಟಿದವು. ತುಂಬುಬಸುರಿ ಸೊಸೆ ಹುಲಿಗೆಮ್ಮನ ಹರಿಗೋಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತು ದಾಟಿದಳು. ದ್ಯಾವಮ್ಮ ಕೊನೆಗೆ ತಮ್ಮನ ಜೊತೆ ಬಂದಳು. ಅವಳು ದಂಡೆಗೆ ಕಾಲಿಟ್ಟು ತಿರುಗಿ ನೋಡಿದಾಗ ಬಸವನ ಬಂಡೆ ಇರಲಿಲ್ಲ. ಗುಡಿಸಲುಗಳ ಹೊಸ್ತಿಲಿಗೆ ನೀರು ಬಂದಿತ್ತು.

ಆ ಸಂಜೆ ಮೊದಲ ಬೋಕಿ ಇಟ್ಟವನು ಜಡೆಪ್ಪ. ಬರುವಾಗ ಅವನ ಹರಿಗೋಲು ಕಲ್ಲಿಗೆ ಸ್ವಲ್ಪ ಸವರಿತ್ತು.

ಆಮೇಲೆ ಹೋಗಿ ಅಜ್ಜಾರ ಕಾಲು ಒತ್ತುತ್ತ ಕೂತ. ಅಜ್ಜಾರಿಗೆ ಇನ್ನೂ ಕೆಮ್ಮು ಬಿಟ್ಟಿರಲಿಲ್ಲ. ಜಡೆಪ್ಪನ ಮನಸ್ಸು ಹಗುರಾಗಿತ್ತು. ಒಂದೇ ಒಂದು ಮಾತು ಕೇಳಬೇಕಿತ್ತು.

"ಅಜ್ಜಾರ, ಆ ಕಲ್ಲು ನಿಮಗ ಮೊದಲ ಗೊತ್ತಿತ್ತು ಹೌದಲ್ರೀ? ನನಗ ಬುದ್ಧಿ ಬರಲಿ ಅಂತನ ಹೋಗಿ ತಾಗಿಸಿದ್ರಿ."

ಅಜ್ಜಾರು ಕೆಮ್ಮಿದರು. ಉಸಿರು ಹಿಡಿದುಕೊಂಡು ಅವನ ಕಡೆ ತಿರುಗಿದರು.

"ಗೊತ್ತಿದ್ರ ಹೋಗ್ತಿದ್ನೇನೋ ಹುಚ್ಚಪ್ಪ? ಗೊತ್ತಿದ್ದವರೆಲ್ಲ ದಂಡಿ ಮ್ಯಾಲ ನಿಂತಿದ್ರಲ್ಲೋ."